ಎರಡು ಬಾರಿ ತೊಳೆಯುವ ಗಾಜು

ಬೆಳಗಿನ ನಾಲ್ಕೂಮುಕ್ಕಾಲು. ಹನ್ನೆರಡು ಮಹಡಿಗಳ ಕಚೇರಿ ಕಟ್ಟಡವೊಂದರ ಮುಂದಿನ ಕಲ್ಲುಹಾಸಿನ ಮೇಲೆ ಐವತ್ತೆರಡರ ಹೆಣ್ಣುಮಗಳೊಬ್ಬರು ಬಕೆಟ್ಟು ಇಳಿಸುತ್ತಾರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂಡಣದ ಬೆಳಕು ಬರಲೋ ಬೇಡವೋ ಎಂದು ಎದುರು ಕಟ್ಟಡದ ಬೆನ್ನಿಗೆ ನಿಂತು ಯೋಚಿಸುತ್ತಿದೆ. ಆಕೆ ಸೊಂಟದಿಂದ ತಮ್ಮ ಆಯುಧವನ್ನು ಹೊರತೆಗೆಯುತ್ತಾರೆ: ಹಿತ್ತಾಳೆಯ ಹಿಡಿ, ಅದರ ತುದಿಗೆ ಮೊಳಕ್ಕೆ ಕಡಮೆಯಾದ ಅಡ್ಡಪಟ್ಟಿ, ಪಟ್ಟಿಯ ಅಂಚಿಗೆ ರಬ್ಬರು. ಕಸುಬಿನವರು ಅದನ್ನು ಬರಿದೇ ‘ಪಟ್ಟಿ’ ಎನ್ನುತ್ತಾರೆ. ಕ್ಷೌರಿಕನು ಕತ್ತಿಯ ಅಲಗು ನೋಡುವಂತೆ ಆ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯುತ್ತಾರೆ. ಒಂದೆಡೆ ಕೂದಲೆಳೆಯಷ್ಟು ಸೀಳು ಕಂಡು ರಬ್ಬರನ್ನು ಮಗುಚಿ ಸಿಕ್ಕಿಸುತ್ತಾರೆ. ಬಕೆಟ್ಟಿನ ನೀರಿಗೆ ಸೋಪು ನಾಲ್ಕೇ ಹನಿ. ಐದನೆಯದು ಬೀಳುವ ಮೊದಲೇ ಬಾಟಲಿಯ ಬಾಯಿಗೆ ಬೆರಳು.

ಗಾಜು ತೊಳೆಯುವ ಕಸುಬಿಗೆ ಮೀರಬಾರದ ಶಾಸನವೊಂದಿದೆ: ಮೇಲಿನಿಂದ ಕೆಳಕ್ಕೆ. ನೀರು ಇಳಿಯುವ ದಾರಿಯೇ ಕೈ ಇಳಿಯುವ ದಾರಿ. ಕೆಳಗಿನದನ್ನು ಮೊದಲು ತೊಳೆದವನು, ಮೇಲಿನಿಂದ ಸುರಿದ ಕೊಳೆನೀರನ್ನು ಒರೆಸಲು ಮತ್ತೆ ಬರಬೇಕಾಗುತ್ತದೆ. ಈಕೆಗೆ ಇದು ತಿಳಿಯದ್ದಲ್ಲ. ಹದಿನಾರು ವರ್ಷ ತೊಳೆದ ಕೈ ಅದು. ಆದರೂ ಪ್ರತಿದಿನ ಆಕೆ ಪೂರ್ವದಿಕ್ಕಿನ ಹನ್ನೊಂದು ಗಾಜುಗಳ ಕೆಳಸಾಲನ್ನೇ ಮೊದಲು ತೊಳೆಯುತ್ತಾರೆ, ಅದೂ ಎತ್ತಿದ ಕೈ ಮುಟ್ಟುವಷ್ಟು ಎತ್ತರದವರೆಗೆ ಮಾತ್ರ. ಎಂಟು ಗಂಟೆಗೆ ಹಿಂದಿರುಗಿ ಮೇಲುಸಾಲು ತೊಳೆದು, ಅದೇ ಕೆಳಸಾಲನ್ನು ಎರಡನೆಯ ಬಾರಿ ತೊಳೆಯುತ್ತಾರೆ. ಶಾಸನವನ್ನು ಅಲ್ಲಗಳೆದವರಲ್ಲ ಆಕೆ. ಕಾರಣವೊಂದಕ್ಕಾಗಿ ಅದರ ಭಾರವನ್ನು ಇಮ್ಮಡಿ ಹೊತ್ತವರು.

ಆ ಕಾರಣ ಐದೂವರೆಗೆ ಸರಿಯಾಗಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಆರು ಮಂದಿ, ಎಲ್ಲರೂ ಇಪ್ಪತ್ತರ ಆಚೀಚೆ. ಒಬ್ಬಳು ಮೊಬೈಲ್ ಅಂಗಡಿಯಲ್ಲಿ ಮಾರಾಟಗಾತಿ, ಒಬ್ಬ ಪಾರ್ಸಲ್ ವಿಂಗಡಿಸುವವನು, ಇಬ್ಬರು ದಾದಿಯರ ತರಬೇತಿಯವರು, ಉಳಿದಿಬ್ಬರು ಬೇಕರಿಯ ಕೆಲಸಗಾರರು. ಕಲ್ಲುಹಾಸಿನ ಮೇಲೆ ಸಣ್ಣದೊಂದು ಸ್ಪೀಕರು ಇಟ್ಟು, ಗೋಡೆಯಂತಿರುವ ಆ ಗಾಜಿನೆದುರು ಸಾಲಾಗಿ ನಿಂತು ಅವರು ಕುಣಿಯುತ್ತಾರೆ; ಕುಣಿದದ್ದನ್ನು ಫೋನಿನಲ್ಲಿ ಹಿಡಿದು ಅಂತರ್ಜಾಲಕ್ಕೆ ಏರಿಸುತ್ತಾರೆ. ಹತ್ತಡಿ ಕೋಣೆಯಲ್ಲಿ ನಾಲ್ವರು ಮಲಗುವ ಮನೆಗಳು ಅವರವು. ಅಲ್ಲಿಯ ಕನ್ನಡಿಯಲ್ಲಿ ಮುಖ ಕಂಡರೆ ಕಾಲು ಕಾಣದು, ಕಾಲು ಕಂಡರೆ ಕೈ ಚಾಚಲು ಜಾಗವಿಲ್ಲ. ತಮ್ಮನ್ನು ತಾವು ನಡುನೆತ್ತಿಯಿಂದ ಅಂಗಾಲಿನವರೆಗೆ ಕಾಣುವುದು ಅವರಿಗೆ ಈ ಗಾಜಿನಲ್ಲಿ ಮಾತ್ರ.

“ಧೂಳು ಹಿಡಿದ ಗಾಜಿನ ಮುಂದೆ ಕುಣಿತಿದ್ರು, ಮೂರು ವರ್ಷದ ಹಿಂದೆ,” ಎಂದು ಆಕೆ ಕೈ ನಿಲ್ಲಿಸದೆಯೇ ಹೇಳುತ್ತಾರೆ. “ಒಬ್ಬಳು ಬಾಗಿ ಬಾಗಿ ನೋಡ್ತಿದ್ಲು, ಕಾಲು ಎಲ್ಲಿ ಇಟ್ಟೆ ಅಂತ. ನೋಡೋಕೆ ಬೇಜಾರಾಯ್ತು. ಇಷ್ಟೇ ತಾನೇ, ಮೊದ್ಲು ಇದನ್ನ ಒರೆಸಿಬಿಡೋಣ ಅಂದ್ಕೊಂಡೆ. ಅಲ್ಲಿಂದ ಅಭ್ಯಾಸ ಆಗೋಯ್ತು.”

ಕುಣಿಯುವವರು ಆಕೆಯನ್ನು ಗಾಜಕ್ಕ ಎನ್ನುತ್ತಾರೆ. ಅವರ ನೂರಾರು ವಿಡಿಯೊಗಳಲ್ಲಿ ಗಾಜಕ್ಕನ ಬೆನ್ನಿದೆ, ಬಕೆಟ್ಟಿದೆ, ಚೌಕಟ್ಟಿನಿಂದ ಸರಿದುಹೋಗುವ ಒಂದು ಹಿಮ್ಮಡಿಯಿದೆ. ಮುಖ ಒಂದರಲ್ಲೂ ಇಲ್ಲ.

ಗಾಜಕ್ಕನ ಈ ಸದ್ದಿಲ್ಲದ ವ್ರತಕ್ಕೆ ಕಳೆದ ತಿಂಗಳು ಸಂಚಕಾರ ಬಂದಿತು. ಕಟ್ಟಡದ ವ್ಯವಸ್ಥಾಪಕರು ಕರೆಸಿ, ಕೆಳಸಾಲಿನ ಗಾಜಿಗೆಲ್ಲ ಹಾಲುಬಣ್ಣದ ಹಾಳೆ ಅಂಟಿಸುವುದಾಗಿ ತಿಳಿಸಿದರು. ಬೆಳಗ್ಗೆ ಬೇಗ ಬಂದುಹೋಗುವವರಿಗೆ ಗಾಜಿನ ಮೇಲೆ ಕುಣಿಯುವವರ ಅಂಗೈ ಗುರುತು, ಹಣೆಯ ಗುರುತು ಕಾಣುತ್ತಿವೆಯೆಂಬ ದೂರು.

“ನಿಮಗೇ ಒಳ್ಳೇದಲ್ವೇನಮ್ಮ? ಕೆಲ್ಸ ಅರ್ಧ ಕಮ್ಮಿ ಆಗುತ್ತೆ.”

“ಕಮ್ಮಿ ಮಾಡಿ ಅಂತ ನಾನು ಕೇಳಿದ್ನಾ ಸಾರ್?”

ಕರುಣೆಯ ಮಾತು ಕಚೇರಿಯಲ್ಲಿ ನಡೆಯದೆಂದು ಗಾಜಕ್ಕನಿಗೆ ಗೊತ್ತು. ಆದ್ದರಿಂದ ಕಸುಬಿನ ಮಾತನ್ನೇ ಆಡಿದರು. “ಇದು ಬೆಳಗಿನ ಬಿಸಿಲು ನೇರ ಬೀಳೋ ಗೋಡೆ. ಆರು ತಿಂಗಳಿಗೆ ಹಾಳೆ ಗುಳ್ಳೆ ಏಳುತ್ತೆ. ಆಮೇಲೆ ಉಗುರಲ್ಲಿ ಕೆರೆದು ತೆಗೆಯೋಳು ನಾನು, ಅದನ್ನ ನೋಡೋರು ನಿಮ್ಮ ದೊಡ್ಡ ಸಾಹೇಬ್ರು. ಗುರುತು ಇರಬಾರ್ದು, ಅಷ್ಟೇ ತಾನೇ? ಒಂಬತ್ತು ಗಂಟೆಗೆ ಗುರುತು ಇದ್ರೆ ನನ್ನನ್ನ ಕೇಳಿ.”

ವ್ಯವಸ್ಥಾಪಕರು ಕೆಟ್ಟವರಲ್ಲ, ಲೆಕ್ಕಾಚಾರದ ಮನುಷ್ಯ. ಮೂವತ್ತು ದಿನ ನೋಡೋಣವೆಂದರು. ಪ್ರತಿದಿನ ಒಂಬತ್ತಕ್ಕೆ ತಾವೇ ಹನ್ನೊಂದು ಗಾಜನ್ನೂ ಓರೆಯಾಗಿ ನಿಂತು ನೋಡುವರು. ಒಂದೇ ಒಂದು ಗುರುತು ಕಂಡರೂ ಹಾಳೆಯವನು ಬರುವನು. ಇಪ್ಪತ್ತೊಂಬತ್ತು ದಿನ ಗಾಜು ಗೆದ್ದಿದೆ. ಇಂದು ಮೂವತ್ತನೆಯದು.

ಗಾಜಕ್ಕನ ಪಾಲಿಗೆ ಈ ಕಟ್ಟಡದಲ್ಲಿ ಬರುವುದು ಕೆಳಗಿನ ಎರಡು ಮಹಡಿ: ನಾಲ್ಕೂ ದಿಕ್ಕು ಸೇರಿ ಎಂಬತ್ತೆಂಟು ಗಾಜು, ದಿನಕ್ಕೆ ಹದಿನಾಲ್ಕು ಬಕೆಟ್ಟು ನೀರು, ಇಪ್ಪತ್ತು ಬಟ್ಟೆ. ಮೇಲಿನದು ಹಗ್ಗದಲ್ಲಿ ಇಳಿಯುವವರದು. ಹತ್ತೊಂಬತ್ತು ವರ್ಷ ಹಾಗೆ ಇಳಿದವರಲ್ಲಿ ಗಾಜಕ್ಕನ ಯಜಮಾನರೂ ಒಬ್ಬರು. ಭುಜದ ಕೀಲು ಸವೆದು ಅವರು ಮನೆಯಲ್ಲಿ ಕುಳಿತಾಗ, ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿದ್ದ ಗಾಜಕ್ಕ ಪಟ್ಟಿಯನ್ನು ಕೈಗೆತ್ತಿಕೊಂಡರು. ಯಜಮಾನರೇ ಗುರುಗಳು, ಮನೆಯ ಒಂದೇ ಕಿಟಕಿ ಪಾಠಶಾಲೆ. ಗಾಜಿನ ಎಡತುದಿಯಲ್ಲಿ ಇಟ್ಟ ಪಟ್ಟಿಯನ್ನು ಬಲಕ್ಕೆ ಎಳೆದು, ಅಂಚು ತಲುಪುವ ಮುನ್ನ ಮಣಿಕಟ್ಟನ್ನು ಹೊರಳಿಸಿ ಎಡಕ್ಕೆ ತಿರುಗಿಸಿ, ಹಾವು ಹರಿದಂತೆ ಕೆಳಗಿಳಿಯಬೇಕು. ನಡುವೆ ಒಮ್ಮೆಯೂ ಗಾಜಿನಿಂದ ಎತ್ತಬಾರದು.

“ಪಟ್ಟಿ ಎತ್ತಿದ್ಯೋ, ಕೆಟ್ಟೆ ಅಂತಿದ್ರು. ಮಣಿಕಟ್ಟು ಒಂಚೂರು ತಡವಾಯ್ತು ಅಂದ್ರೆ ಮೂಲೇಲಿ ನೀರು ನಿಲ್ಲುತ್ತೆ. ಅದೊಂದು ಕಲಿಯೋಕೆ ನನಗೆ ನಾಲ್ಕು ತಿಂಗಳು. ಬಯ್ಯಿಸ್ಕೊಂಡಿದ್ದು ಮಾತ್ರ ನಲವತ್ತು ವರ್ಷಕ್ಕಾಗೋಷ್ಟು.”

ಚಳಿಗಾಲದಲ್ಲಿ ಬೆರಳಸಂದಿ ಒಡೆದು ರಕ್ತ ಒಸರುತ್ತದೆ. ಬಲಮಣಿಕಟ್ಟು ಊದಿಕೊಂಡಿರುತ್ತದೆ, ಸಂಜೆ ಬಿಸಿನೀರಿನ ಪಾತ್ರೆಯಲ್ಲಿ ಅದನ್ನು ಮುಳುಗಿಸಿಟ್ಟು ಎಡಗೈಯಲ್ಲಿ ಊಟ ಮಾಡುವ ದಿನಗಳಿವೆ. ಅಡುಗೆ ಈಗ ಯಜಮಾನರದೇ. ಔಷಧಿ ಅಂಗಡಿಯಲ್ಲಿ ದುಡಿಯುವ ಮಗಳು ಮುಲಾಮು ತರುತ್ತಾಳೆ, ಜೊತೆಗೆ ಬೈಗುಳವನ್ನೂ ತರುತ್ತಾಳೆ: “ಯಾರ ಮಕ್ಕಳೋ ಕುಣಿಯೋಕೆ ನಿನ್ ಕೈ ಯಾಕಮ್ಮ ಸವೀಬೇಕು?” ಯಜಮಾನರದು ಬೇರೆ ತಕರಾರು. ಮನೆಯ ಆ ಒಂದೇ ಕಿಟಕಿ ವರ್ಷದಿಂದ ಧೂಳು ಹಿಡಿದಿದೆ. “ಊರಿನ ಗಾಜೆಲ್ಲ ಹೊಳೀತಿದೆ. ನಮ್ಮನೇಗೆ ಯಾರನ್ನ ಕರೆಸ್ಲಿ, ನೀನೇ ಹೇಳು,” ಎನ್ನುತ್ತಾರೆ.

ನರ್ತಕರಲ್ಲಿ ತಾಳ ಎಣಿಸುವವಳು ಮೊಬೈಲ್ ಅಂಗಡಿಯ ಹುಡುಗಿ. ಐದು ತಿಂಗಳ ಹಿಂದೆ ಅವಳು ಗಾಜಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದಾಗ, ಪಕ್ಕದ ಗಾಜಿನಲ್ಲಿ ಗಾಜಕ್ಕನ ಮಣಿಕಟ್ಟು ಹೊರಳುವುದು ಕಣ್ಣಿಗೆ ಬಿತ್ತು. ಎಡದಿಂದ ಬಲಕ್ಕೆ ಹರಿದು, ಅಂಚಿನಲ್ಲಿ ಮಗುಚಿ, ಮತ್ತೆ ಎಡಕ್ಕೆ ಇಳಿಯುವ ಆ ಗತಿಯನ್ನು ಬರಿಗೈಯಲ್ಲಿ ಅನುಕರಿಸಿದಳು. ಉಳಿದ ಐವರು ಕಲಿತರು. ಅದು ಒಂದು ವಿಡಿಯೊದ ಕೊನೆಯ ಎಂಟು ತಾಳಗಳಾಯಿತು. ಈಗ ಕಂಡರಿಯದ ಊರುಗಳಲ್ಲಿ, ತಿಳಿಯದ ಭಾಷೆಗಳ ಹಾಡಿಗೆ, ಕಾಲೇಜಿನ ಮೆಟ್ಟಿಲ ಮೇಲೂ ಅಡುಗೆಮನೆಗಳಲ್ಲೂ ಜನ ಆ ಮಣಿಕಟ್ಟನ್ನು ಹೊರಳಿಸುತ್ತಿದ್ದಾರೆ. ಅವರು ಅದನ್ನು ‘ಅಲೆ’ ಎನ್ನುತ್ತಾರಂತೆ.

“ಅಲೆ ಅಂತೆ ಅಲೆ,” ಎಂದು ಗಾಜಕ್ಕ ನಗುತ್ತಾರೆ. “ನನ್ನ ಯಜಮಾನ್ರು ಕೇಳಿದ್ರೆ ಹೊಡಿತಾರೆ. ಅದು ಗಾಜು ಒರೆಸೋದಪ್ಪ.”

ಕಲೆಗೆ ಇದು ಹೊಸತಲ್ಲ. ದೋಣಿಯ ಹುಟ್ಟು ಹಾಕುವ ತೋಳು, ನೀರು ಸೇದುವ ಸೊಂಟ, ಬೀಜ ಬಿತ್ತುವ ಅಂಗೈ, ಇವುಗಳಿಂದಲೇ ಹಿಂದಿನ ನರ್ತಕರೂ ತಮ್ಮ ಭಂಗಿಗಳನ್ನು ಎರವಲು ಪಡೆದರು. ಆಗ ಒಂದು ಭಂಗಿ ನಾಡು ದಾಟಲು ತಲೆಮಾರು ಬೇಕಾಗುತ್ತಿತ್ತು, ಈಗ ಒಂದು ಹಗಲು ಸಾಕು, ವ್ಯತ್ಯಾಸ ಅಷ್ಟೇ. ರಸಿಕನ ಮನಸ್ಸು ತೊಳೆದ ಕನ್ನಡಿಯಂತೆ ನಿರ್ಮಲವಾಗಿರಬೇಕೆಂದು ಕಾವ್ಯಮೀಮಾಂಸಕರು ಹೇಳುತ್ತ ಬಂದಿದ್ದಾರೆ. ಕನ್ನಡಿಯನ್ನು ತೊಳೆಯುವವರು ಯಾರೆಂಬ ವಿಚಾರಕ್ಕೆ ಅವರು ಹೋದಂತಿಲ್ಲ.

ಏಳೂಕಾಲಿಗೆ ಕುಣಿತ ಮುಗಿಯುತ್ತದೆ. ಆ ಹೊತ್ತಿಗೆ ಗಾಜಕ್ಕ ಕಟ್ಟಡದ ಹಿಂಬದಿಯಲ್ಲಿರುತ್ತಾರೆ. ಎಂದಿನಂತೆ ಚದುರಿ ಕೆಲಸಕ್ಕೆ ಓಡಬೇಕಾದ ಆರು ಮಂದಿ ಇಂದು ಓಡುವುದಿಲ್ಲ. ಮೂವತ್ತು ದಿನದ ಗಡುವು ಅವರಿಗೂ ಗೊತ್ತು; ಕೊನೆಯ ದಿನ, ಅಕ್ಕನ ಹೊರೆ ತುಸುವಾದರೂ ಇಳಿಸೋಣವೆಂದು ಅವರಿಗೆ ತೋರುತ್ತದೆ. ಬೇಕರಿಯ ಹುಡುಗನೊಬ್ಬ ಪಾತ್ರೆ ತೊಳೆಯುವ ದ್ರಾವಣದ ಬಾಟಲಿ ತರುತ್ತಾನೆ. ಅಂಗಿ, ಟವೆಲು, ಕಾಲುಚೀಲ, ಕೈಗೆ ಸಿಕ್ಕಿದ್ದರಿಂದೆಲ್ಲ ಹನ್ನೊಂದು ಗಾಜನ್ನೂ ಭಕ್ತಿಯಿಂದ ಉಜ್ಜುತ್ತಾರೆ. ನೆರಳಿನಲ್ಲಿ ಎಲ್ಲವೂ ಫಳಫಳ ಎನ್ನುತ್ತದೆ.

ಎಂಟು ಗಂಟೆಗೆ ಗಾಜಕ್ಕ ಮುಂದಕ್ಕೆ ಬರುವುದಕ್ಕೂ, ಸೂರ್ಯ ಎದುರು ಕಟ್ಟಡದ ತಲೆ ದಾಟುವುದಕ್ಕೂ ಸರಿಹೋಗುತ್ತದೆ. ಬಿಸಿಲು ಬಿದ್ದ ಗಾಜಿನ ಮೇಲೆ ಒಣಗಿದ ಸೋಪು ಬೆಳ್ಳಗೆ ಎದ್ದು ನಿಲ್ಲುತ್ತದೆ; ಸುರುಳಿ ಸುರುಳಿಯಾಗಿ, ಆರು ಜೋಡಿ ಕೈಗಳ ಒಂದೊಂದು ಉಜ್ಜೂ ಕಾಣುವಂತೆ. ಹಾಳೆಯವನು ಬರುವ ಮೊದಲೇ ಗಾಜು ಹಾಲುಬಣ್ಣವಾಗಿದೆ. ಆರು ಮಂದಿಯ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ.

ಗಾಜಕ್ಕ ಬಕೆಟ್ಟು ಕೆಳಗಿಡುತ್ತಾರೆ. “ಎಷ್ಟು ಸೋಪು ಹಾಕಿದ್ರಿ?”

“ಅರ್ಧ ಬಾಟ್ಲು, ಅಕ್ಕ.”

“ನಾನು ಬಕೆಟ್ಟಿಗೆ ನಾಲ್ಕು ಹನಿ ಹಾಕೋಳು.”

“ನಿಮಗೆ ಸಹಾಯ ಆಗ್ಲಿ ಅಂತ...”

“ಆಯ್ತು, ಸಹಾಯ ಸಾಕು. ಈಗ ನೀರು ತನ್ನಿ.”

ಬೈಗುಳಕ್ಕೆ ಸಮಯವಿಲ್ಲ. ಮಾಮೂಲಿ ಕೊಳೆಯಾದರೆ ಎರಡೂ ಸಾಲಿಗೆ ಒಂದು ಗಂಟೆ ಸಾಕು. ಒಣಗಿದ ಸೋಪು ಒಂದು ನೀರಿಗೆ ಕರಗುವುದಿಲ್ಲ, ನೊರೆಯಾಗಿ ಹರಡುತ್ತದೆ. ಪ್ರತಿ ಗಾಜಿಗೂ ಮೂರು ನೀರು ಬೇಕು. ಗಾಜಕ್ಕ ಮೇಲುಸಾಲಿನತ್ತ ಒಮ್ಮೆ ನೋಡಿ ತೀರ್ಮಾನಿಸುತ್ತಾರೆ. “ಮೇಲಿಂದು ಮಧ್ಯಾಹ್ನ. ಸಾಹೇಬ್ರು ಕತ್ತು ಎತ್ತೋರಲ್ಲ.” ನಲ್ಲಿ ಇರುವುದು ಹಿಂಬದಿಯಲ್ಲಿ, ನೂರಿಪ್ಪತ್ತು ಹೆಜ್ಜೆ ದೂರ. ಐವರು ಅಲ್ಲಿಂದ ಇಲ್ಲಿಯವರೆಗೆ ಸಾಲು ನಿಂತು ಬಕೆಟ್ಟು ದಾಟಿಸುತ್ತಾರೆ. ತಾಳದ ಹುಡುಗಿ ಗಾಜಿನ ಮೇಲೆ ನೀರು ಎರೆಯುತ್ತ, ಹೆದರಿಕೆಯಲ್ಲಿ ತನಗರಿವಿಲ್ಲದೆಯೇ ಎಣಿಸತೊಡಗುತ್ತಾಳೆ: “ಐದು, ಆರು, ಏಳು, ಎಂಟು.”

“ಸುಮ್ನಿರೇ ಮಾರಾಯ್ತಿ.”

ಅವಳು ಸುಮ್ಮನಾಗುತ್ತಾಳೆ. ಮೂರನೆಯ ಗಾಜಿಗೆ ಬರುವಷ್ಟರಲ್ಲಿ ಗಾಜಕ್ಕನೇ ಅಸಹನೆಯಿಂದ ತಿರುಗುತ್ತಾರೆ. “ಯಾಕೆ ನಿಲ್ಲಿಸ್ದೆ? ಎಣಿಸು.”

ಒಂದು ಗಾಜಿಗೆ ಎಂಟು ಎಳೆತ. ಎಣಿಕೆಯೂ ಎಂಟು. ಮಣಿಕಟ್ಟು ತಾಳದ ಮೇಲೆ ಕುಳಿತ ಮೇಲೆ ಕೆಲಸ ಕೈಯಿಂದ ಇಳಿದು ಇಡೀ ಮೈಗೆ ಹಬ್ಬುತ್ತದೆ: ಮಂಡಿ ಬಾಗುತ್ತದೆ, ಹಿಮ್ಮಡಿ ತಿರುಗುತ್ತದೆ, ಊದಿದ ಕೈ ಹಾವಿನಂತೆ ಹರಿಯುತ್ತದೆ. ಇಷ್ಟೆಲ್ಲ ಆಗುವಾಗ ಯಾರೊಬ್ಬರೂ ಫೋನು ಹೊರತೆಗೆಯುವುದಿಲ್ಲ. ಎಲ್ಲರ ಕೈಯಲ್ಲೂ ಬಕೆಟ್ಟು. ಹನ್ನೊಂದನೆಯ ಗಾಜಿನ ಕೊನೆಯ ಹನಿಯನ್ನು ಬಟ್ಟೆಗೆ ಒತ್ತಿದಾಗ ಗಂಟೆ ಎಂಟು ಐವತ್ತೇಳು.

ಒಂಬತ್ತಕ್ಕೆ ವ್ಯವಸ್ಥಾಪಕರು ಬರುತ್ತಾರೆ. ಕೈ ಹಿಂದೆ ಕಟ್ಟಿಕೊಂಡು, ಓರೆಗಣ್ಣಿನಿಂದ, ಮೊದಲನೆಯ ಗಾಜು, ಎರಡನೆಯದು, ಮೂರನೆಯದು. ಒದ್ದೆ ಕಲ್ಲುಹಾಸಿನ ಮೇಲೆ ಏಳು ಮಂದಿ ನಿಂತಿದ್ದಾರೆ. ಎಂಟನೆಯ ಗಾಜಿನ ಮುಂದೆ ವ್ಯವಸ್ಥಾಪಕರು ನಿಲ್ಲುತ್ತಾರೆ. ಬಾಗುತ್ತಾರೆ. ಇನ್ನೂ ಹತ್ತಿರಕ್ಕೆ ಮುಖ ಒಯ್ಯುತ್ತಾರೆ. ತಾಳದ ಹುಡುಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಅವರ ಅಂಗಿಯ ಕಾಲರು ಒಂದು ಕಡೆ ಒಳಕ್ಕೆ ಮಡಚಿಕೊಂಡಿದೆ. ಅದನ್ನು ಹೊರಗೆಳೆದು ಸರಿಪಡಿಸುತ್ತಾರೆ, ಬೆರಳಿನಿಂದ ಕೂದಲು ಬಾಚುತ್ತಾರೆ, ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ನೋಡಿಕೊಳ್ಳುತ್ತಾರೆ. ಆಮೇಲೆ ಅದೇ ಗಾಜಿನಲ್ಲಿ, ತಮ್ಮ ಹಿಂದೆ ಸಾಲಾಗಿ ನಿಂತ ಏಳು ಮುಖಗಳು ಕಾಣಿಸುತ್ತವೆ. ವ್ಯವಸ್ಥಾಪಕರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಮೇಲಿನ ಸಾಲು ಯಾಕೆ ಒರೆಸಿಲ್ಲ?”

“ಮಧ್ಯಾಹ್ನ ಮಾಡ್ತೀನಿ ಸಾರ್.”

“ಹೂಂ.” ಬಾಗಿಲವರೆಗೆ ಹೋಗಿ, ತಿರುಗದೆಯೇ ಹೇಳುತ್ತಾರೆ: “ಹಾಳೆಯವನಿಗೆ ಬರೋದು ಬೇಡ ಅಂತ ಫೋನ್ ಮಾಡ್ತೀನಿ.”

ಪಾರ್ಸಲ್ ಹುಡುಗ ಖಾಲಿ ಬಕೆಟ್ಟುಗಳನ್ನು ಒಂದರೊಳಗೊಂದು ಇಡುತ್ತಾನೆ. ಗಾಜಕ್ಕ ಮೆಟ್ಟಿಲ ಮೇಲೆ ಕುಳಿತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ. ಬಲಗೈ ಊದಿರುವುದರಿಂದ ಎಡಗೈಯಲ್ಲಿ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಹಿಂಬದಿಯ ನಲ್ಲಿ ಮುಂದಕ್ಕೆ ಬಂದರೆ ಒಳ್ಳೆಯದಿತ್ತು ಎನ್ನುತ್ತಾರೆ. ಬೇರೇನು? “ಬೇರೆ ಏನಿರುತ್ತೆ?”

ತಾಳದ ಹುಡುಗಿ ಪಕ್ಕದಲ್ಲಿ ಕುಳಿತು ಫೋನು ಚಾಚುತ್ತಾಳೆ. ಯಾವುದೋ ದೂರದೇಶದ ಹುಡುಗಿ, ಹಿಮ ಬಿದ್ದ ಅಂಗಳದಲ್ಲಿ, ದಪ್ಪ ಕೋಟು ತೊಟ್ಟು ‘ಅಲೆ’ ಕುಣಿಯುತ್ತಿದ್ದಾಳೆ. ಗಾಜಕ್ಕ ಲೋಟ ಕೆಳಗಿಟ್ಟು, ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡುತ್ತಾರೆ. ಇನ್ನೊಮ್ಮೆ ಹಾಕು ಎನ್ನುತ್ತಾರೆ. ಇನ್ನೊಮ್ಮೆ ನೋಡುತ್ತಾರೆ.

“ಚೆನ್ನಾಗಿ ಮಾಡ್ತಾಳೆ. ಆದ್ರೆ ಮಣಿಕಟ್ಟು ತಡವಾಗಿ ತಿರುಗಿಸ್ತಾಳೆ. ಮೂಲೇಲಿ ನೀರು ಉಳಿಯುತ್ತೆ.”

“ಅಕ್ಕ, ಅಲ್ಲಿ ಗಾಜೇ ಇಲ್ಲ.”

“ಇಲ್ದಿದ್ರೆ ಏನಾಯ್ತು? ಬರೆದು ಹೇಳು ಅವಳಿಗೆ.”

ಹುಡುಗಿ ಬರೆಯುತ್ತಾಳೆ. ಗಾಜಕ್ಕ ಪಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ, ಮೇಲುಸಾಲಿನ ಉದ್ದನೆಯ ಕೋಲನ್ನು ತರಲು ಏಳುತ್ತಾರೆ.