ಉಮಾಶ್ರೀಯ ಸೆರಗಿನ ಮಣಿಗಳು

ಶಿವಾಜಿನಗರದ ಬದ್ರುನ್ನೀಸಾ ಬಹುಕಾಲ ಶಾಲೆಯಲ್ಲಿ ಗಣಿತ ಕಲಿಸಿದವರು. ನಿವೃತ್ತರಾಗಿ ಕಸೂತಿ ಹಿಡಿದರೂ ಗಣಿತ ಕೈಬಿಡಲಿಲ್ಲ. ಮಹಡಿಯ ಬಾಡಿಗೆ ಕೋಣೆಯಲ್ಲಿದ್ದ ಯಾದಗಿರಿಯ ಉಮಾಶ್ರೀಗೆ ಮದುವೆ ಗೊತ್ತಾದಾಗ, ಅವಳ ಸೀರೆಗೆ ತಾವೇ ಮಣಿ ಹೊಲಿದರು. ಸೆರಗಿನಂಚಿನ ಹೊಲಿಗೆಗಳನ್ನು ಎಣಿಸುತ್ತ, ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಅವಿಭಾಜ್ಯ ಸಂಖ್ಯೆ ಬಂದಲ್ಲೆಲ್ಲ ಒಂದು ಮಣಿಯಿಟ್ಟರು.

ಉಮಾಶ್ರೀ ಸೆರಗು ಹರಡಿ ನೋಡಿದಳು. "ಇಲ್ಲಿ ಮಣಿ ಉದುರ್ಯಾವೇನ್ರಿ ಟೀಚರ್? ಬರೇ ಖಾಲಿ ಅದ."

"ಉದುರಿಲ್ಲಮ್ಮ. ನೂರಾ ಹದಿಮೂರು ಆದ್ಮೇಲೆ ನೂರಾ ಇಪ್ಪತ್ತೇಳರ ತನಕ ಅವಿಭಾಜ್ಯ ಸಂಖ್ಯೆನೇ ಇಲ್ಲ. ಬೇಕಾದ್ರೆ ಅಲ್ಲೂ ಮಣಿ ಹಾಕ್ಕೊಡ್ತೀನಿ."

"ಮುಂದ ಪೂರಾ ಮುಗದೇ ಹೋಗ್ತಾವೇನ್ರಿ?"

"ಇಲ್ಲ. ಖಾಲಿ ಎಷ್ಟು ಉದ್ದ ಆದ್ರೂ ಮುಂದೆ ಇನ್ನೊಂದು ಇದ್ದೇ ಇರತ್ತೆ."

"ಹಂಗಿದ್ರ ಹಿಂಗೇ ಇರ್ಲಿ ಬಿಡ್ರಿ."

ಕಗ್ಗದಾಸಪುರದಲ್ಲಿ ನಡೆದ ಮದುವೆಯಲ್ಲಿ ಸೋದರತ್ತೆಯರೂ ಅದನ್ನೇ ಕೇಳಿದರು. ಉಮಾಶ್ರೀ ಸೆರಗನ್ನು ಮುಂದೆಳೆದುಕೊಂಡು, ಹೊಲಿಗೆ ಎಣಿಸುತ್ತ ವಿವರಿಸತೊಡಗಿದಳು. ತೊಂಬತ್ತೊಂದನ್ನೂ ಅವಿಭಾಜ್ಯ ಎಂದುಬಿಟ್ಟಳು. ನೋಡಿದರೆ ಅಲ್ಲಿ ಮಣಿಯಿರಲಿಲ್ಲ. ಅರೆಕ್ಷಣ ಯೋಚಿಸಿ, "ಹೌದಲ್ಲ, ಹದಿಮೂರ್ ಏಳ್ಲೆ ತೊಂಬತ್ತೊಂದು," ಎಂದು ತಾನೇ ತಿದ್ದಿಕೊಂಡಳು.

ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ ಬದ್ರುನ್ನೀಸಾ, ಆ ಖುಷಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.