ಆಡದ ಆಟಗಾರನ ದಣಿವು

ಕಾಳುಮೆಣಸಿನ ಕಷಾಯದ ವಾಸನೆ ಬಂದರೆ ನನಗೆ ಬೇಸ್‌ಬಾಲ್ ನೆನಪಾಗುತ್ತದೆ. ಬೇರೆಯವರಿಗೆ ಅಜ್ಜಿ ನೆನಪಾಗುತ್ತಾರಂತೆ, ಅವರ ಪುಣ್ಯ. ಇವತ್ತು ಬೆಳಿಗ್ಗೆ ಗಂಟಲು ಕೆರೆಯುತ್ತಿತ್ತೆಂದು ರೌಂಡ್ ರಾಕ್ ಊರಿನ ಈ ಅಡುಗೆಮನೆಯಲ್ಲಿ ಮೆಣಸು ಕುಟ್ಟಿ ಕುದಿಯಲಿಟ್ಟೆ. ಘಾಟು ಮೂಗಿಗೇರಿದ್ದೇ ತಡ, ಹಳೆಯ ಸಿಟ್ಟೊಂದು ಎದ್ದು ಕುಳಿತಿತು.

ಆಗ ನಾನು ಡಾಲಸ್‌ನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ರೂಮಿನಲ್ಲಿ ಜೊತೆಗಿದ್ದವಳು ಧಾರವಾಡದ ನಸ್ರೀನ್. ಅವಳಿಗೆ ಕಂಪ್ಯೂಟರಿನ ಬೇಸ್‌ಬಾಲ್ ಆಟವೊಂದರ ಹುಚ್ಚು. ಅದರಲ್ಲಿ ನಾವು ಹೊಡೆಯುವುದು, ಓಡುವುದು ಏನೂ ಇಲ್ಲ. ನಾವು ತಂಡದ ಮ್ಯಾನೇಜರ್. ಯಾರು ಯಾವಾಗ ಚೆಂಡೆಸೆಯಬೇಕೆಂದು ಹೇಳಿ ಕೂತರೆ ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹ್ಯೂಸ್ಟನ್, ಆಸ್ಟಿನ್‌ನಲ್ಲಿದ್ದ ಅವಳ ಸ್ನೇಹಿತರಿಗೂ ಒಂದೊಂದು ತಂಡವಿತ್ತು. ಒಮ್ಮೆ ಅವಳು ಹ್ಯೂಸ್ಟನ್‌ನ ಲ್ಯಾಬೊಂದಕ್ಕೆ ವಾರದ ಮಟ್ಟಿಗೆ ಹೋಗಬೇಕಾಗಿ ಬಂದು, ತನ್ನ ತಂಡವನ್ನು ನನಗೆ ಒಪ್ಪಿಸಿದಳು. ಮಗುವನ್ನು ಒಪ್ಪಿಸುವವರೂ ಅಷ್ಟು ಸೂಚನೆ ಕೊಡುವುದಿಲ್ಲ.

ಮೊದಲ ಎಸೆತಗಾರ ಸುಸ್ತಾದಾಗ ಬರುವವನೇ ರಿಲೀಫ್ ಪಿಚರ್. ಕ್ರಿಕೆಟ್‌ನಲ್ಲಾದರೆ ದಣಿದ ಬೌಲರನ್ನು ಬೌಂಡರಿ ಹತ್ತಿರ ನಿಲ್ಲಿಸಿ ಆಮೇಲೆ ಮತ್ತೆ ಚೆಂಡು ಕೊಡಬಹುದು. ಇಲ್ಲಿ ಹಾಗಿಲ್ಲ, ಹೊರಗೆ ಹೋದವನು ಹೋದ ಹಾಗೆಯೇ. ಆದ್ದರಿಂದ ಬರಲಿರುವವನು ಮೈದಾನದ ಪಕ್ಕದ ಬುಲ್‌ಪೆನ್ ಎಂಬ ಜಾಗದಲ್ಲಿ ಮೊದಲೇ ಚೆಂಡೆಸೆದು ತೋಳನ್ನು ಹದ ಮಾಡಿಕೊಂಡಿರಬೇಕು.

ನಾನೋ, ಬಿಸಿಲಿನಲ್ಲೂ ಕೊಡೆ ಹಿಡಿದು ಹೋಗುವವಳು. ಪ್ರತಿ ಪಂದ್ಯದ ಅರ್ಧದಲ್ಲೇ ನಮ್ಮ ಅತ್ಯುತ್ತಮ ರಿಲೀಫ್ ಪಿಚರನ್ನು ಬುಲ್‌ಪೆನ್‌ನಲ್ಲಿ ಎಬ್ಬಿಸುತ್ತಿದ್ದೆ. ಇರಲಿ, ಬೇಕಾಗಬಹುದು ಎಂದು. ಬೇಕಾಗುತ್ತಿರಲಿಲ್ಲ, ಕೂರಿಸುತ್ತಿದ್ದೆ. ಕೊನೆಗೆ ಆಸ್ಟಿನ್ ತಂಡದ ಎದುರು ಆತ ನಿಜಕ್ಕೂ ಬೇಕಾದ. ಕರೆದೆ. ಬಂದವನೇ ಪ್ರಸಾದ ಹಂಚುವಂತೆ ರನ್ ಹಂಚಿದ. ಅವನ ಹೆಸರಿನ ಪಕ್ಕದ ಶಕ್ತಿಯ ಪಟ್ಟಿ ಕೆಂಪಾಗಿತ್ತು.

ನಸ್ರೀನ್ ಹಿಂತಿರುಗಿದ ಕೂಡಲೇ ದೂರಿದೆ. "ನಿನ್ನ ಆಟಾನೇ ಸರಿ ಇಲ್ಲ. ಇಡೀ ವಾರ ಒಂದು ಚೆಂಡೂ ಎಸೆದಿಲ್ಲ ಅವನು, ಸುಸ್ತಾಗಿದಾನಂತೆ!"

"ಒಗದಿಲ್ಲಂತ ಯಾರಂದ್ರು? ದಿನಾ ಬುಲ್‌ಪೆನ್‌ನ್ಯಾಗ ಎಬ್ಬಿಸಿ ನಿಲ್ಲಿಸಿದಾಕಿ ನೀನ ಅಲ್ಲೇನು?"

"ಅದು ಬರೀ ಪ್ರಾಕ್ಟೀಸ್ ಕಣೇ."

"ಪ್ರಾಕ್ಟೀಸ್ ನಿನಗ. ತೋಳಿಗೇನು ಗೊತ್ತವಾ, ಇದು ಮ್ಯಾಚೋ ಅಲ್ಲೋ ಅಂತ?"

ಲೆಕ್ಕಕ್ಕೇ ಬಾರದ ಎಸೆತದಿಂದ ದಣಿವಾಗುವುದು ಅನ್ಯಾಯವೆಂದು ನಾನು ವಾದಿಸುತ್ತಿರುವಾಗಲೇ ಫೋನ್ ಬಂತು. ಪಕ್ಕದ ಊರಾದ ಫಾರ್ಮರ್ಸ್ ಬ್ರಾಂಚ್‌ನ ಸರೋಜಾ ಆಂಟಿ, ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳನ್ನೆಲ್ಲ ನಡೆಸುತ್ತಿದ್ದವರು. "ರಾಜ್ಯೋತ್ಸವಕ್ಕೆ ಪ್ರಾರ್ಥನೆ ಡಾಕ್ಟ್ರದೇ. ಅವ್ರು ಬರ್ದಿದ್ರೆ ನೀನು. ರೆಡಿಯಾಗಿರಮ್ಮ."

ಈ ಮಾತು ನನಗೆ ಹೊಸದಲ್ಲ. ಹ್ಯೂಸ್ಟನ್‌ನಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದ ಆ ಡಾಕ್ಟರ್ ನಿಜಕ್ಕೂ ಚೆನ್ನಾಗಿ ಹಾಡುತ್ತಿದ್ದರು. ಆದರೆ ಆಸ್ಪತ್ರೆಯಿಂದ ಯಾವಾಗ ಕರೆ ಬರುವುದೋ ಹೇಳುವಂತಿರಲಿಲ್ಲ. ಹಾಗಾಗಿ ಯುಗಾದಿಗೂ ಗಣೇಶನ ಹಬ್ಬಕ್ಕೂ ನಾನು ವಾರವಿಡೀ ಸಾಧನೆ ಮಾಡಿ, ಕಷಾಯ ಕುಡಿದು, ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನ ತುದಿಯಲ್ಲಿ ಕೂರುತ್ತಿದ್ದೆ. ಕಡೇ ಗಳಿಗೆಯಲ್ಲಿ ಡಾಕ್ಟರ್ ಕಾರಿನ ಕೀ ಹಿಡಿದೇ ವೇದಿಕೆ ಹತ್ತಿ ಹಾಡಿ ಇಳಿಯುತ್ತಿದ್ದರು. ಆಗಲ್ಲ ಎನ್ನಬಾರದಿತ್ತೇ ಎಂದು ನೀವು ಕೇಳಬಹುದು. ನನಗೆ ಹಾಡಬೇಕಿತ್ತು. ಆ ವೇದಿಕೆಯ ಮೇಲೆ ಒಂದು ಸಲವಾದರೂ. ಇದನ್ನು ನಸ್ರೀನ್‌ಗೂ ಹೇಳಿರಲಿಲ್ಲ.

ರಾಜ್ಯೋತ್ಸವಕ್ಕೆ ಡಾಕ್ಟರ್ ಬರಲಿಲ್ಲ.

ನನ್ನ ಹೆಸರು ಕರೆದರು. ವಾರವಿಡೀ ಹಾಡಿದ್ದೆ, ಅಂದು ಬೆಳಿಗ್ಗೆ ಹಾಡಿದ್ದೆ, ಸಾಲದ್ದಕ್ಕೆ ಕಾರಿನಲ್ಲೂ ಹಾಡಿದ್ದೆ. ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋಗುವಾಗ ಧ್ವನಿ ಒಡೆದು, ಉಳಿದದ್ದು ಬರೀ ಗಾಳಿ. ಸಭೆ ಸೌಜನ್ಯದಿಂದ ಚಪ್ಪಾಳೆ ತಟ್ಟಿತು, ಅದು ಇನ್ನೂ ಕಷ್ಟ.

ಊಟದ ಸಾಲಿನಲ್ಲಿ ಆಂಟಿ ನನ್ನ ತಟ್ಟೆಗೆ ಬಿಸಿಬೇಳೆ ಭಾತ್ ಬಡಿಸುತ್ತಾ, "ಪರ್ವಾಗಿಲ್ಲಮ್ಮ," ಎಂದರು. "ಮುಂದಿನ್ ಸಲ ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಂಡು ಬಾ."

ವಾಪಸ್ಸು ಬರುವಾಗ ನಸ್ರೀನ್ ಡ್ರೈವ್ ಮಾಡುತ್ತಿದ್ದಳು. ಫ್ರೀವೇ ಸೇರಿದ ಮೇಲೆ ಕೇಳಿದಳು: "ನಿಮ್ಮ ಆಂಟಿನೂ ಈ ಗೇಮ್ ಆಡ್ತಾರೇನು?" ನಾನು ರೇಡಿಯೋ ಜೋರು ಮಾಡಿದೆ.

ಇವತ್ತು ಒಲೆಯ ಮುಂದೆ ಇದನ್ನೆಲ್ಲ ನೆನೆಯುತ್ತಾ ನಿಂತಿದ್ದಾಗಲೇ ಇಲ್ಲಿನ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು.

"ಮೇಡಂ, ಭಾನುವಾರ ಪ್ರಾರ್ಥನೆಗೆ ಒಬ್ರು ಇದಾರೆ. ಆದ್ರೂ ಸೇಫ್ಟಿಗೆ ನೀವು ರೆಡಿ ಇರ್ತೀರಾ?"

"ಹಾಡಿ ಅಂದ್ರೆ ಹಾಡ್ತೀನಿ. ಬರೀ ರೆಡಿ ಇರೋಕಾಗಲ್ಲ."

ಇಷ್ಟು ವರ್ಷ ಬಾಯಿಗೆ ಬಾರದ ಮಾತು ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯ. ಅವರಿಗೆ ಆಶ್ಚರ್ಯವೂ ಆಗಲಿಲ್ಲ, ಬೇಸರವೂ ಆಗಲಿಲ್ಲ.

"ತೊಂದ್ರೆ ಇಲ್ಲ. ಯೂನಿವರ್ಸಿಟಿಗೆ ಒಬ್ಳು ಹೊಸ ಹುಡುಗಿ ಬಂದಿದಾಳೆ, ಹಾಡ್ತಾಳಂತೆ. ಅವಳಿಗೇ ರೆಡಿ ಇರು ಅಂತೀನಿ."

"ಬೇಡ. ಮೊದಲೇ ಇರೋರದ್ದು, ಈ ಹುಡುಗೀದು, ಇಬ್ರದ್ದೂ ಹೆಸರು ಹಾಕಿ. ಒಬ್ರಾದ್ಮೇಲೆ ಒಬ್ರು ಹಾಡ್ಲಿ."

"ಎರಡೆರಡು ಪ್ರಾರ್ಥನೆನಾ? ಊಟ ಲೇಟಾಗತ್ತೆ ಮೇಡಂ."

"ಆಗ್ಲಿ."

ಅವರು ಇನ್ನೂ ಯೋಚಿಸುತ್ತಿರುವಾಗಲೇ ಆ ಹುಡುಗಿಯ ನಂಬರ್ ಕೇಳಿ ತೆಗೆದುಕೊಂಡೆ. ಭಾನುವಾರ ನೀನು ಹಾಡುತ್ತೀಯ ಎಂಬುದನ್ನು ಅವಳಿಗೆ ನಾನೇ ಹೇಳಬೇಕೆನಿಸಿತು.