ಜಡ್ಜ್ ಸಾಹೇಬರಿಗೆ ಇಟ್ಟ ಎಡೆ

ದೆವ್ವ, ಗಾಳಿ, ಮೈಮೇಲೆ ಬರೋದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಗೇಲಿ ಮಾಡಿದವನು. ಇವತ್ತೂ ನಂಬುತ್ತೇನೆ ಅಂತ ಹೇಳುತ್ತಿಲ್ಲ. ಆದರೆ ಕೆಲವು ವರ್ಷದ ಹಿಂದೆ ಅಮೆರಿಕದ ಕ್ಯಾರಿ ಅನ್ನೋ ಊರಿನ ನಮ್ಮ ಬಡಾವಣೆಯಲ್ಲಿ ನಡೆದದ್ದನ್ನು ಸುಳ್ಳು ಅನ್ನೋಕೂ ತಯಾರಿಲ್ಲ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನಮ್ಮ ಬೀದಿಯ ಕೊನೆಯಲ್ಲಿ, ಓಕ್ ಮರದ ಕೆಳಗೆ, ಯಾರೋ ಜಡ್ಜ್ ಒಬ್ಬರ ಹಳೇ ಸಮಾಧಿ ಇದೆ. ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಡೆಯನ್ನು ಕಾಗೆ ಮುಟ್ಟಬೇಕಲ್ಲ, ಈ ಊರಲ್ಲಿ ಕಾಗೆ ಸೇರೋದು ಆ ಮರದಲ್ಲೇ. ಅಲ್ಲಿಗೇ ಹೋದೆ. ಆ ಜಡ್ಜ್ ಎದುರಿಗೇ ಅಪ್ಪನೊಬ್ಬನಿಗೆ ಬಡಿಸೋದು ಸರಿ ಕಾಣಲಿಲ್ಲ. "ಯಜಮಾನ್ರೇ, ನೀವೂ ತಗೊಳ್ಳಿ" ಅಂತ ಅವರ ಕಲ್ಲಿನ ಮೇಲೂ ಒಂದು ವಡೆ ಇಟ್ಟೆ. ಕಾಗೆ ಮೊದಲು ಮುಟ್ಟಿದ್ದು ಅದನ್ನೇ.

ನಾಯಿ ಜೊತೆ ವಾಕಿಂಗ್ ಬಂದಿದ್ದ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ನಕ್ಕು, ಆ ಜಡ್ಜ್ ಕಥೆ ಹೇಳಿದರು. ನೂರು ವರ್ಷದ ಹಿಂದೆ ಅವರು ಶಾಸಕರು. ಬಡವರ ಜಮೀನು ಕಿತ್ತು ಮಿಲ್ಲಿಗೆ ಕೊಡುವ ಮಸೂದೆಗೆ ಎಲ್ಲರೂ ಕೈ ಎತ್ತಿದಾಗ, ಎದ್ದು ನಿಂತು "ನೋ" ಅಂದವರು ಅವರೊಬ್ಬರೇ. ಮುಂದಿನ ಚುನಾವಣೆಯಲ್ಲಿ ಸೋತರು. ಆಮೇಲೆ ಜಡ್ಜ್ ಆದಾಗಲೂ ದೊಡ್ಡವರ ಮುಲಾಜಿಗೆ ಬೀಳಲಿಲ್ಲವಂತೆ. ಸಾಯುವಾಗ ಸ್ವಂತದವರು ಅಂತ ಯಾರೂ ಇರಲಿಲ್ಲವಂತೆ.

ಅದೇ ವಾರ ಕ್ಲಬ್‌ಹೌಸ್‌ನಲ್ಲಿ ನಿವಾಸಿಗಳ ಮೀಟಿಂಗ್. ಸಮಾಧಿಯನ್ನು ಎತ್ತಿಸಿ, ಅಲ್ಲಿ ಪಿಕಲ್‌ಬಾಲ್ ಆಡೋಕೆ ಜಾಗ ಮಾಡಬೇಕಂತೆ. ಅದಕ್ಕೆ ನಮ್ಮ ಇಂಡಿಯಾದವರೇ ಮುಂದು. "ಎದುರಿಗೆ ಸ್ಮಶಾನ ಇದ್ರೆ ಯಾರ್ರೀ ಮನೆ ತಗೋತಾರೆ?" ಅನ್ನೋದು ಅವರ ವಾದ. ನನಗೆ ಸಂಕಟ. ಆದರೂ ಎಲ್ಲರನ್ನೂ ಎದುರು ಹಾಕಿಕೊಂಡು ಇರೋದು ಹೇಗೆ ಅಂತ ಸುಮ್ಮನಿದ್ದೆ. "ಎಲ್ಲರಿಗೂ ಒಪ್ಪಿಗೆ ತಾನೇ?" ಅಂತ ಅಧ್ಯಕ್ಷರು ಕೇಳಿದರು.

"ನೋ!"

ವಯಸ್ಸಾದ ಗಂಡಸಿನ ಗಡಸು ದನಿ. ಯಾರಪ್ಪಾ ಇದು ಅಂತ ಹಿಂದೆ ತಿರುಗಿದರೆ ಬರೀ ಗೋಡೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. "ಯಾಕ್ರೀ ಹಾಗೆ ಕಿರುಚಿದ್ರಿ?" ಅಂತ ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು. ದೇವರಾಣೆ, ನಾನು ತುಟಿಪಿಟಕ್ ಅಂದಿರಲಿಲ್ಲ.

"ನೀವಾ ಹೇಳಿದ್ದು?" ಅಂದರು ಅಧ್ಯಕ್ಷರು. ಅಲ್ಲ ಅಂದಿದ್ದರೆ ಅಲ್ಲಿಗೆ ಮುಗೀತಿತ್ತು. ಆದರೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ನಮ್ಮಪ್ಪನ ಜೊತೆ ಉಂಡವರನ್ನು ಅಗೆದು ಹಾಕೋಕೆ ಇವರ್ಯಾರು? ಎದ್ದು ನಿಂತೆ.

"ಹೌದು, ನಾನೇ. ನೋ ಅಂದ್ರೆ ನೋ!"

ಅಜ್ಜಿ ನನ್ನ ಪರ ಕೈ ಎತ್ತಿದರು, ಆಮೇಲೆ ಇನ್ನೂ ಕೆಲವರು. ಆ ವಿಷಯ ಅಲ್ಲಿಗೇ ಬಿದ್ದುಹೋಯಿತು.

ಸಮಾಧಿ ಇನ್ನೂ ಅಲ್ಲೇ ಇದೆ. ಒಂದಿಬ್ಬರು ನಮ್ಮನ್ನು ಗಣೇಶನ ಹಬ್ಬಕ್ಕೆ ಕರೆಯೋದು ಬಿಟ್ಟಿದ್ದಾರೆ, ಬಿಡಲಿ. ಮೊದಲನೇ "ನೋ" ಯಾರದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡನೆಯದು ಮಾತ್ರ ನನ್ನದೇ. ಅದನ್ನು ನಾನು ವಾಪಸ್ ತಗೊಳ್ಳಲ್ಲ.